ಎಡಕ್ಕೂ ಬಲಕ್ಕೂ ಸುರಿಯುವ ಗಾಡಿ: ರೈತ ದಕೋವಿಲ್‌ನ ಕಥೆ

ಸುಗ್ಗಿಯ ಹೊತ್ತಿಗೆ ಅಕಾಲದ ಮಳೆ ಹಿಡಿದು, ತುಂಬಿದ ಗಾಡಿ ಹೊಲದ ನಡುವೆ ಗುಂಬದವರೆಗೂ ಹೂತುಹೋದರೆ ಏನು ಪಾಡು ಎಂಬುದನ್ನು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಎರೆಭೂಮಿಯ ಸೀಮೆಯವರಿಗಂತೂ ಇದು ಚೆನ್ನಾಗಿ ಗೊತ್ತು. ಎತ್ತುಗಳು ಮೊಣಕಾಲೂರುತ್ತವೆ, ನಾಲ್ಕು ಜನ ಚಕ್ರಕ್ಕೆ ಹೆಗಲು ಕೊಡಬೇಕು, ಕಡೆಗೆ ಅರ್ಧ ಮಾಲು ಕೆಳಗಿಳಿಸಿದ ಮೇಲೆಯೇ ಗಾಡಿ ಕದಲುವುದು. ಕಟಾವಾದ ಬೆಳೆ ಮಾತ್ರ ಕಾಯುತ್ತಾ ಕೂರುವುದಿಲ್ಲ.

ಇಂಥದೇ ಒಂದು ಮಳೆಗಾಲದ ಪೇಚಿನಿಂದ ಜಗತ್ತಿಗೆಲ್ಲ ಹರಡಿದ ಒಂದು ಸಾಧನ ಹುಟ್ಟಿತು. ಅದನ್ನು ಹುಟ್ಟಿಸಿದವನು ಎಂಜಿನಿಯರಿಂಗ್ ಕಾಲೇಜಿನಿಂದ ಬಂದವನಲ್ಲ, ರೈಲ್ವೆ ಕಂಪನಿಯವನೂ ಅಲ್ಲ. ಫ್ರಾನ್ಸ್ ದೇಶದ ಒಬ್ಬ ಬೇಸಾಯಗಾರ. ಹೆಸರು ಪಾಲ್ ದಕೋವಿಲ್. ಆತ ಮಾಡಿದ ಎತ್ತಿ ಇಡುವ ಹಳಿ, ಅದರ ಮೇಲೆ ಓಡುವ ಪುಟ್ಟ ಗಾಡಿ, ಆ ಗಾಡಿಯ ಹೊಟ್ಟೆಯನ್ನು ಬೇಕಾದ ಮಗ್ಗುಲಿಗೆ ವಾಲಿಸಿ ಸುರಿಯುವ ಉಪಾಯ, ಇವುಗಳ ಕಥೆಯನ್ನು ಈ ವಾರ ನಿಮ್ಮ ಮುಂದೆ ಇಡುತ್ತೇವೆ. ಗಣಿಗಳ ಕಡೆಗೋ ಅಣೆಕಟ್ಟಿನ ಕೆಲಸಕ್ಕೋ ಹೋಗಿಬಂದ ನಿಮ್ಮೂರಿನ ಹಿರಿಯರು ಇಂಥ ಗಾಡಿಗಳನ್ನು ಕಣ್ಣಾರೆ ಕಂಡಿರಲೂಬಹುದು. ಕೇಳಿ ನೋಡಿ.

ದಕೋವಿಲ್ ಹುಟ್ಟಿದ್ದು 1846ರಲ್ಲಿ. ಪ್ಯಾರಿಸ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ ಸೇನ್ ನದಿಯ ದಂಡೆಯ ಮೇಲೆ ಪೆತಿಬೂರ್ ಎಂಬ ಜಾಗ. ಅಲ್ಲಿ ಅವರ ಮನೆತನದ ದೊಡ್ಡ ಜಮೀನಿತ್ತು. ಸಾಧಾರಣ ರೈತನ ಸ್ಥಿತಿಯಲ್ಲ ಇದು. ಅದನ್ನು ಮುಚ್ಚಿಡುವುದು ಬೇಡ. ತಂದೆ ಅನುಕೂಲಸ್ಥ, ಜೊತೆಗೆ ಹೊಸತನ್ನು ಹಿಡಿದು ನೋಡುವ ಸ್ವಭಾವದವನು. ಸಕ್ಕರೆ ಬೀಟ್ ಬೆಳೆಯುತ್ತಿದ್ದ. ಬೀಟ್ ಎಂದರೆ ನಾವು ಪಲ್ಯಕ್ಕೆ ಹಾಕುವ ಕೆಂಪು ಗೆಡ್ಡೆಯ ದಾಯಾದಿ. ಬಿಳಿಯ, ದಪ್ಪನೆಯ ಗೆಡ್ಡೆ, ಒಳಗೆ ಸಕ್ಕರೆಯ ಅಂಶ ಹೆಚ್ಚು. ನಮ್ಮ ಕಡೆ ಕಬ್ಬು ಹೇಗೋ, ಚಳಿದೇಶದಲ್ಲಿ ಅದು ಹಾಗೆ. 1850ರ ದಶಕದಲ್ಲಿಯೇ ತಂದೆ ತನ್ನ ಜಮೀನಿನಲ್ಲಿ ಬೀಟ್‌ನಿಂದ ಮದ್ಯಸಾರ ತೆಗೆಯುವ ಭಟ್ಟಿ ಹಾಕಿದ. ಭಟ್ಟಿ ಎಂದ ಮೇಲೆ ಹಂಡೆ, ಕೊಳವೆಗಳ ರಿಪೇರಿ ಇದ್ದೇ ಇದೆ. ಅದಕ್ಕೆಂದು ಒಂದು ಕಮ್ಮಾರಸಾಲೆಯೂ ಬಂತು. ಕಟ್ಟಡದ ಕಲ್ಲು ತೆಗೆಯುವ ಗಣಿಗಳೂ ಅವರ ಕೈಯಲ್ಲಿದ್ದವು. ಆವಿಯಂತ್ರದಿಂದ ಎಳೆಯುವ ನೇಗಿಲನ್ನು ಫ್ರಾನ್ಸಿನಲ್ಲಿ ಮೊದಮೊದಲು ಬಳಸಿದವರ ಪೈಕಿ ಈ ಮನೆತನವೂ ಒಂದು.

1870ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿತು. 1871ರಲ್ಲಿ ತಂದೆ ತೀರಿಕೊಂಡ. ಹಿರಿಯ ಮಗ ಪಾಲ್‌ನ ಹೆಗಲಿಗೆ ಜಮೀನು, ಭಟ್ಟಿ, ಕಮ್ಮಾರಸಾಲೆ, ಕಲ್ಲುಗಣಿ ಎಲ್ಲ ಬಂದವು. ಆಗ ಆತನಿಗೆ 25 ವರ್ಷ. ಮುಂದೆ ಆತ ಕಟ್ಟಿದ ಕಾರ್ಖಾನೆಯ ಹೆಸರಿನಲ್ಲಿಯೂ ಹಿರಿಯ ಮಗ ಎಂಬ ಅರ್ಥದ ಫ್ರೆಂಚ್ ಮಾತು ಸೇರಿಕೊಂಡಿತ್ತು.

ಈಗ ಮುಖ್ಯ ಕಥೆಗೆ ಬರೋಣ. 1875ರ ಸಾಲಿನ ಬೀಟ್ ಬೆಳೆ ಬಲು ಚೆನ್ನಾಗಿ ಬಂದಿತ್ತು. ಸುಮಾರು 9000 ಟನ್ ಗೆಡ್ಡೆ ಹೊಲದಿಂದ ಭಟ್ಟಿಗೆ ಬರಬೇಕು. ನಿಮ್ಮ ಎತ್ತಿನ ಗಾಡಿಗೆ ಒಂದು ಟನ್ ಹೇರು ಎಂದು ಲೆಕ್ಕ ಹಿಡಿಯಿರಿ: 9000 ಗಾಡಿ ಹೇರು. ಅಷ್ಟರಲ್ಲಿ ಮಳೆ ಹಿಡಿಯಿತು. ನೆಲ ನೆನೆದು ಹಿಟ್ಟಿನಂತಾಯಿತು. ಕುದುರೆಗಾಡಿ ಹೊಲದೊಳಗೆ ಇಳಿದರೆ ಹೊರಗೆ ಬರುವಂತಿಲ್ಲ. ಬೀಟ್ ಗೆಡ್ಡೆಯನ್ನು ನೆಲದಲ್ಲಿಯೇ ಬಿಟ್ಟರೆ ಚಳಿಗಾಲದ ಹಿಮಗಡ್ಡೆ ಅದನ್ನು ಕೆಡಿಸುತ್ತದೆ. ಕಿತ್ತು ರಾಶಿ ಹಾಕಿಟ್ಟರೆ ದಿನ ಕಳೆದಂತೆ ಸಕ್ಕರೆ ಇಳಿಯುತ್ತದೆ. ಅದೂ ಅಲ್ಲದೆ ಬೀಟ್ ತೆಗೆದ ಹೊಲಕ್ಕೆ ಚಳಿ ಬಲಿಯುವ ಮುನ್ನ ಗೋಧಿ ಬಿತ್ತಬೇಕು. ಒಂದು ಬೆಳೆ ಸಿಕ್ಕಿಹಾಕಿಕೊಂಡರೆ ಮುಂದಿನ ಬೆಳೆಗೂ ಸಂಚಕಾರ. ಹೊಲದಲ್ಲಿ ಕಲ್ಲು ಹಾಕಿ ರಸ್ತೆ ಮಾಡೋಣವೆಂದರೆ ಉಳುವ ನೆಲ ಹಾಳು. ಅದೂ ವಾರಕ್ಕೊಂದು ಕಡೆ ಕಟಾವು. ಎಷ್ಟು ರಸ್ತೆ ಮಾಡುವುದು?

ಆ ದಿನಗಳಲ್ಲಿ ಕೋರ್ಬಾಂ ಎಂಬಾತ ಮರದ ಹಳಿಯ ಒಂದು ಏರ್ಪಾಟನ್ನು ಮಾಡಿದ್ದ. ಏಣಿಯಂಥ ಮರದ ತುಂಡುಗಳು. ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಾ ಹೋದರೆ ಹಾದಿ. ಅದರ ಮೇಲೆ ಚಿಕ್ಕ ಗಾಡಿಗಳು. ಇದನ್ನು ದಕೋವಿಲ್ ಬಲ್ಲ. ಆದರೆ ಒದ್ದೆ ನೆಲದಲ್ಲಿ ಮರ ಎಷ್ಟು ದಿನ ತಡೆದೀತು? ಏಣಿಯ ಉಪಾಯವೇನೋ ಸರಿ, ಮರ ಬೇಡ ಎಂದು ಆತ ತೀರ್ಮಾನಿಸಿದ. ತನ್ನ ಕಮ್ಮಾರಸಾಲೆಯಲ್ಲಿ ಚೌಕ ಕಬ್ಬಿಣದ ಸರಳುಗಳನ್ನು ತೆಗೆದುಕೊಂಡು, ಎರಡು ಸರಳುಗಳ ನಡುವೆ 40 ಸೆಂಟಿಮೀಟರು ಬಿಟ್ಟು, ಕೆಳಗೆ ಚಪ್ಪಟೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಲಾಗಿ ಜೋಡಿಸಿದ. ಕಬ್ಬಿಣದ ಏಣಿ ಸಿದ್ಧವಾಯಿತು. ನೆಲದ ಮೇಲೆ ಮಲಗಿಸಿದರೆ ಹಳಿ, ಎತ್ತಿಕೊಂಡರೆ ಹೊರೆ. ಆ ಹಳಿಯ ಮೇಲೆ ಪುಟ್ಟ ಗಾಡಿಗಳು ಓಡಿದವು, ಬೆಳೆ ಭಟ್ಟಿ ಸೇರಿತು. ಕೋರ್ಬಾಂನ ಹೆಸರು ಇಂದು ಬಹಳ ಜನಕ್ಕೆ ತಿಳಿಯದು. ಆದರೆ ದಕೋವಿಲ್ ತನ್ನ ಏಣಿಯನ್ನು ಅವನ ಏಣಿಯ ಮೇಲೆಯೇ ನಿಂತು ಕಟ್ಟಿದ ಎಂಬುದನ್ನು ಮರೆಯುವುದು ನ್ಯಾಯವಲ್ಲ.

ಇದರಲ್ಲಿ ಅಂಥ ಹೆಚ್ಚುಗಾರಿಕೆ ಏನು, ರೈಲು ಹಳಿ ಆಗಲೇ ಐವತ್ತು ವರ್ಷದಿಂದ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ರೈಲು ಹಳಿಯನ್ನು ಒಮ್ಮೆ ಹಾಕಿದರೆ ಹಾಕಿದ ಕಡೆಯೇ ಇರುತ್ತದೆ. ಮಾಲು ಅದರ ಬಳಿಗೆ ಹೋಗಬೇಕು. ದಕೋವಿಲ್‌ನ ಹಳಿ ಮಾಲಿನ ಬಳಿಗೆ ಬರುತ್ತದೆ. ಈ ವಾರ ಪಡುವಣ ಹೊಲ, ಮುಂದಿನ ವಾರ ಮೂಡಣ ಹೊಲ. ಮೊಳೆ ಹೊಡೆಯುವುದಿಲ್ಲ, ಜಲ್ಲಿ ಹಾಕುವುದಿಲ್ಲ. ಒಬ್ಬ ಆಳು ಏಣಿಯ ಎರಡು ಸರಳುಗಳ ನಡುವೆ ನಿಂತು, ಎರಡು ಕೈಯಿಂದ ಎರಡು ಸರಳು ಹಿಡಿದು ಎತ್ತಿ ನಡೆಯುತ್ತಾನೆ. ತುಂಡು ಉದ್ದವಾದರೆ ಇಬ್ಬರು. ತಿರುವಿಗೆ ಬಾಗಿದ ತುಂಡುಗಳು ಬೇರೆ ಇದ್ದವು.

ಹಳಿಯ ಮೇಲೆ ಭಾರ ಏಕೆ ಅಷ್ಟು ಹಗುರವಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡೋಣ. ಹಸಿ ಮಣ್ಣಿನಲ್ಲಿ ಚಕ್ರ ಸದಾ ತಾನೇ ತೋಡಿದ ಗುಂಡಿಯಿಂದ ಮೇಲೇರುತ್ತಿರಬೇಕು. ಒಂದು ಟನ್ ಹೇರನ್ನು ಎಳೆಯಲು 100 ಕಿಲೋಗಿಂತ ಹೆಚ್ಚಿನ ಎಳೆತ ಬೇಕಾದೀತು. ಗಟ್ಟಿ ಚಕ್ರ ಗಟ್ಟಿ ಹಳಿಯ ಮೇಲೆ ಉರುಳಿದರೆ ಗುಂಡಿಯೇ ಇಲ್ಲ. ಸಮನೆಲದಲ್ಲಿ ಅದೇ ಹೇರಿಗೆ 10–15 ಕಿಲೋ ಎಳೆತ ಸಾಕು. ಒಬ್ಬ ಮನುಷ್ಯ ತಳ್ಳಬಲ್ಲ. ಮಣ್ಣಿಗೂ ಭಾರ ಕಡಿಮೆ. ಗಾಡಿಯ ತೂಕ ಎರಡು ಚಕ್ರದ ಕೆಳಗಿನ ಎರಡು ಬೊಗಸೆ ಜಾಗದ ಮೇಲೆ ಬೀಳದೆ ಇಡೀ ಏಣಿಯ ಪಟ್ಟಿಗಳ ಮೇಲೆ ಹಂಚಿಹೋಗುತ್ತದೆ.

ಇಷ್ಟಾದರೂ ಕೆಲಸ ಅರ್ಧ ಮಾತ್ರ ಮುಗಿದ ಹಾಗೆ. ಮಾಲು ಬಂದು ನಿಂತಿತು, ಇಳಿಸುವುದು ಹೇಗೆ? ಬೀಟ್ ಗೆಡ್ಡೆಗೆ ಬುಟ್ಟಿಗಳಿದ್ದವು. ಗಾಡಿಯ ಮೇಲೆ ಬುಟ್ಟಿ ಇಟ್ಟು ತಂದು ಎತ್ತಿ ಸುರಿದರಾಯಿತು. ಆದರೆ ಗೊಬ್ಬರ, ಮಣ್ಣು, ಗಣಿಯ ಕಲ್ಲು? ಸಲಿಕೆಯಿಂದ ಎಳೆದು ಹಾಕುವುದಾದರೆ ಹಳಿಯಿಂದ ಉಳಿಸಿದ ಹೊತ್ತೆಲ್ಲ ಸಲಿಕೆಯ ಪಾಲು.

ನಿಮ್ಮ ಗೊಬ್ಬರದ ಗಾಡಿಯನ್ನು ನೆನೆಸಿಕೊಳ್ಳಿ. ಹೊಲಕ್ಕೆ ಹೋಗಿ, ಎತ್ತು ಬಿಚ್ಚಿ, ಮೂಕಿ ಎತ್ತಿದರೆ ಗೊಬ್ಬರ ಹಿಂದಕ್ಕೆ ಜಾರಿ ಬೀಳುತ್ತದೆ. ಎಷ್ಟು ಸುಲಭ! ಆದರೆ ಹಳಿಯ ಮೇಲಿನ ಗಾಡಿಗೆ ಈ ಸುಖವಿಲ್ಲ. ಹಿಂದಕ್ಕೆ ಸುರಿದರೆ ಮಾಲೆಲ್ಲ ಹಳಿಯ ಮೇಲೆಯೇ ಬಿದ್ದು ಹಾದಿ ಮುಚ್ಚುತ್ತದೆ. ಮುಂದೆ ಸುರಿಯಬೇಕಾದರೆ ಹಳಿಯ ಕೊನೆಗೇ ಹೋಗಬೇಕು. ಆದ್ದರಿಂದ ಪಕ್ಕಕ್ಕೆ ಸುರಿಯಬೇಕು. ಒಂದೇ ಪಕ್ಕಕ್ಕೆ ಸುರಿಯುವ ಗಾಡಿ ಮಾಡಿದರೆ ಸಾಲದೆ? ಸಾಲದು. ಎತ್ತಿನ ಗಾಡಿಯಂತೆ ಹಳಿಯ ಗಾಡಿಯನ್ನು ತಿರುಗಿಸಿ ನಿಲ್ಲಿಸಲಾಗದು. ಎಡಕ್ಕೆ ಸುರಿಯುವ ಗಾಡಿ ಹೋದಷ್ಟು ದೂರವೂ ಎಡಕ್ಕೇ ಸುರಿಯುತ್ತದೆ. ಬಲಗಡೆ ಗೊಬ್ಬರ ಬೇಕೆಂದರೆ ಹಳಿಯನ್ನೇ ಕಿತ್ತು ಆಚೆ ಹಾಕಬೇಕು. ಎರಡೂ ಕಡೆ ಸುರಿಯುವ ಗಾಡಿಯಾದರೆ ಹಳಿ ಒಮ್ಮೆ ಹಾಸಿದಲ್ಲಿಯೇ ಎರಡು ಪಟ್ಟು ನೆಲ ಮುಗಿಯುತ್ತದೆ. ಏರಿ ಕಟ್ಟುವವರಿಗೂ ಹಾಗೆಯೇ: ಹಳಿ ಏರಿಯ ನೆತ್ತಿಯ ಮೇಲೆ, ಮಣ್ಣು ಬೇಕಾದಂತೆ ಎಡಕ್ಕೆ ಅಥವಾ ಬಲಕ್ಕೆ.

ಅದಕ್ಕೆ ಆ ಕಾಲದ ಕಾರ್ಖಾನೆಗಳು ಕಂಡುಕೊಂಡ ಆಕಾರ ಬಲು ಸರಳ. ಒಂದು ಅಡಿಕೆ ಹಾಳೆಯನ್ನು ನಡುವೆ ಮಡಿಸಿ, ಬಾಯಿ ಅಗಲವಾಗಿ ತೆರೆದು ಹಿಡಿಯಿರಿ. ತಳ ಕಿರಿದು, ಬಾಯಿ ಅಗಲ, ಎರಡು ಗೋಡೆಯೂ ಓರೆ. ಇದೇ ತೊಟ್ಟಿ. ಇದನ್ನು ಬಲಕ್ಕೆ ವಾಲಿಸಿದರೆ ಬಲಗೋಡೆ ಜಾರುಹಲಗೆಯಾಗುತ್ತದೆ, ಎಡಕ್ಕೆ ವಾಲಿಸಿದರೆ ಎಡಗೋಡೆ. ಕದ ಬೇಡ, ಅಗುಳಿ ಹಾಕಿದ ಬಾಗಿಲು ಬೇಡ. ಹಾಳೆಯಲ್ಲಿ ಒಣಮಣ್ಣು ಹಾಕಿ ನಿಧಾನವಾಗಿ ವಾಲಿಸುತ್ತಾ ಬನ್ನಿ. ಗೋಡೆ ಅಡ್ಡ ಮಟ್ಟದಿಂದ ಸುಮಾರು 35 ಡಿಗ್ರಿ ಕೆಳಗೆ ವಾಲಿದಾಗ ಮಣ್ಣು ಜಾರತೊಡಗುತ್ತದೆ. ಹಸಿ ಜೇಡಿಯಾದರೆ 45 ಡಿಗ್ರಿಗೂ ಅಂಟಿ ಕೂತಿರುತ್ತದೆ. ಆದಕಾರಣ ತೊಟ್ಟಿ ಪೂರ್ತಿ ವಾಲಿದಾಗ ಗೋಡೆ ಸಾಕಷ್ಟು ಕಡಿದಾಗಿ ನಿಲ್ಲುವಂತೆ ಮೊದಲೇ ಲೆಕ್ಕ ಹಾಕಬೇಕು. ಜೊತೆಗೆ ಗೋಡೆಯ ತುದಿ ಚಕ್ರಕ್ಕಿಂತ ಹೊರಗೆ ಚಾಚಿರಬೇಕು. ಇಲ್ಲದಿದ್ದರೆ ಸುರಿದ ಮಣ್ಣು ಹಳಿಯ ಮೇಲೆ ಬಿದ್ದು, ಸುರಿದ ಗಾಡಿಯೇ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ತೊಟ್ಟಿ ಕೂರುವ ಬಗೆ. ಇದು ಈ ಗಾಡಿಯ ಜೀವ. ತೊಟ್ಟಿಯ ಹಿಂದಿನ ಹಾಗೂ ಮುಂದಿನ ಗೋಡೆಗಳಿಗೆ ಬಿಲ್ಲಿನಂತೆ ಕೆಳಮುಖವಾಗಿ ಬಾಗಿದ ಒಂದೊಂದು ಕಬ್ಬಿಣದ ಪಟ್ಟಿ ಬಡಿದಿರುತ್ತದೆ. ಗಾಡಿಯ ಚೌಕಟ್ಟಿನ ಎರಡು ತುದಿಯಲ್ಲಿ ಎತ್ತರದ ಪೀಠಗಳು. ಬಿಲ್ಲು ಪೀಠದ ಮೇಲೆ ಕೂರುತ್ತದೆ. ಅಗುಳಿ ತೆಗೆದು ಒಂದು ಕಡೆಗೆ ತಳ್ಳಿದರೆ ಬಿಲ್ಲು ಪೀಠದ ಮೇಲೆ ಉರುಳಿ ತೊಟ್ಟಿ ಆ ಕಡೆ ವಾಲುತ್ತದೆ. ಬಿಲ್ಲು ನಿಂತಲ್ಲೇ ತಿರುಗುವುದಿಲ್ಲ, ಚಕ್ರದಂತೆ ಉರುಳುತ್ತಾ ಹೊರಕ್ಕೆ ಸರಿಯುತ್ತದೆ ಎಂಬುದನ್ನು ಗಮನಿಸಿ. ಆದ್ದರಿಂದಲೇ ತೊಟ್ಟಿಯ ತುದಿ ಹಳಿಯನ್ನು ದಾಟಿ ಹೊರಗೆ ಹೋಗುವುದು.

ಒಬ್ಬನೇ ಆಳು ಅರ್ಧ ಟನ್ ಮಣ್ಣನ್ನು ಹೇಗೆ ವಾಲಿಸಿಯಾನು? ಜಾತ್ರೆಯಲ್ಲಿ ಸಿಗುವ ತಂಜಾವೂರು ಬೊಂಬೆಯನ್ನು ನೋಡಿದ್ದೀರಲ್ಲ. ತಳ ದುಂಡಗೆ, ಭಾರವೆಲ್ಲ ಬುಡದಲ್ಲಿ. ಎಷ್ಟು ಬೀಳಿಸಿದರೂ ಎದ್ದು ನಿಲ್ಲುತ್ತದೆ. ಅದರ ತಲೆಯ ಮೇಲೆ ಒಂದು ಭಾರದ ಕಲ್ಲು ಕಟ್ಟಿ ನೋಡಿ, ಮುಟ್ಟಿದರೆ ಬೀಳುತ್ತದೆ, ಮತ್ತೆ ಏಳುವುದಿಲ್ಲ. ತೊಟ್ಟಿಯ ಗುಟ್ಟೂ ಇದೇ. ಖಾಲಿ ತೊಟ್ಟಿಯ ಭಾರ ಕೆಳಗೆ. ಬಾಯಿತುಂಬ ಮಣ್ಣು ತುಂಬಿದಾಗ ಭಾರ ಮೇಲೇರುತ್ತದೆ. ಬಿಲ್ಲಿನ ಬಾಗನ್ನು ಸರಿಯಾಗಿ ಆರಿಸಿದರೆ ತುಂಬಿದ ತೊಟ್ಟಿ ಬೀಳಲು ಕಾದಿರುತ್ತದೆ, ಖಾಲಿಯಾದದ್ದು ಏಳಲು ಕಾದಿರುತ್ತದೆ. ಆಳು ಮಾಡುವುದು ಅಗುಳಿ ತೆಗೆದು ಒಂದು ನೂಕು ಕೊಡುವುದಷ್ಟೇ. ಮಣ್ಣು ತಾನೇ ತನ್ನ ಭಾರದಿಂದ ಸುರಿಯುತ್ತದೆ, ತೊಟ್ಟಿ ಹಗುರವಾಗಿ ನೆಟ್ಟಗಾಗುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಬೀಳಲು ಕಾದಿರುವ ವಸ್ತುವಿನ ಪಕ್ಕದಲ್ಲಿ ಮನುಷ್ಯ ನಡೆಯಬೇಕಲ್ಲ! ಅಗುಳಿ ಸರಿಯಾಗಿ ಕೂರದೆ ತಿರುವಿನಲ್ಲಿ ತೊಟ್ಟಿ ವಾಲಿದರೆ, ಪಕ್ಕದಲ್ಲಿ ಬರುತ್ತಿದ್ದವನ ಮೇಲೆಯೇ ಬೀಳುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹಳಿಯ ಅಗಲ 40 ಸೆಂಟಿಮೀಟರು ಎಂದರೆ ನಡುವಿನಿಂದ ಒಂದೊಂದು ಕಡೆಗೆ 20 ಸೆಂಟಿಮೀಟರು, ಒಂದು ಗೇಣಿನಷ್ಟೇ. ವಾಲುವ ತೊಟ್ಟಿಯ ಭಾರ ಆ ಗೇಣನ್ನು ದಾಟಿತೋ, ತೊಟ್ಟಿಯ ಜೊತೆ ಇಡೀ ಗಾಡಿಯೇ ಮಗುಚುತ್ತದೆ. ಅಂಟುಮಣ್ಣಾದರೆ ಈ ಭಯ ಹೆಚ್ಚು. ಸಡಿಲ ಮಣ್ಣು ಬೇಗ ಜಾರಿ ಭಾರ ಇಳಿಯುತ್ತದೆ, ಜೇಡಿ ಮಾತ್ರ ಕೊನೆಯವರೆಗೂ ತೊಟ್ಟಿಯನ್ನು ಬಿಡದೆ ಗಾಡಿಯನ್ನು ತನ್ನೊಂದಿಗೆ ಎಳೆಯುತ್ತದೆ. ಬಿಲ್ಲು ಇಷ್ಟು ಉರುಳಿ ನಿಲ್ಲಲಿ ಎಂದು ಒಂದು ತಡೆ ಇಡಬೇಕಾಗುತ್ತದೆ. ಆ ತಡೆಗೆ ಬಡಿದ ಏಟಿಗೆ ಅಂಟಿದ ಮಣ್ಣು ಉದುರುವುದೂ ಉಂಟು, ಗಾಡಿ ಹಳಿಯಿಂದ ಹಾರುವುದೂ ಉಂಟು. ಸುರಿಯುವ ಕಡೆ ಯಾರೂ ನಿಲ್ಲದೆ, ಎದುರು ಕಡೆಯಿಂದ ಚೌಕಟ್ಟನ್ನು ಅದುಮಿ ಹಿಡಿಯುವುದು ಕೆಲಸ ಬಲ್ಲವರ ಪದ್ಧತಿ.

ಹಳಿ ಕಿರಿದಾದಷ್ಟೂ ಹೊರಲು ಸುಲಭ, ತಿರುವು ಸುಲಭ, ಬೆಲೆ ಕಡಿಮೆ. ಅಗಲವಾದಷ್ಟೂ ಗಾಡಿ ಭದ್ರ, ಹೇರು ಹೆಚ್ಚು. ದಕೋವಿಲ್ 40ರಿಂದ ಹೊರಟವನು 50, 60 ಸೆಂಟಿಮೀಟರಿನ ಹಳಿಗಳನ್ನೂ ಮಾಡಿದ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಫೆಸ್ಟಿನಿಯೋಗ್ ಎಂಬ ಕಡೆ ಹಂಚುಕಲ್ಲಿನ ಗಣಿಯ ರೈಲು 60 ಸೆಂಟಿಮೀಟರಿಗೆ ತೀರ ಹತ್ತಿರದ ಹಳಿಯ ಮೇಲೆ ಉಗಿಯಂತ್ರವನ್ನೇ ಓಡಿಸುತ್ತಿತ್ತು. ಅದನ್ನು ಕಂಡ ದಕೋವಿಲ್‌ಗೆ 60ರ ಮೇಲೆ ನಂಬಿಕೆ ಬಲವಾಯಿತು. ಮುಂದೆ ಆತನ ಹೆಸರಿನೊಂದಿಗೆ ಅಂಟಿಕೊಂಡ ಅಳತೆ ಅದೇ.

ಎರಡೂ ಕಡೆ ವಾಲುವ ತೊಟ್ಟಿಗಾಡಿಯ ಕೀರ್ತಿ ಪೂರ್ತಿ ದಕೋವಿಲ್ ಒಬ್ಬನದು ಎಂದು ಬರೆದರೆ ತಪ್ಪಾಗುತ್ತದೆ. ಯುರೋಪಿನಲ್ಲಿ ಹಲವರು ಇಂಥವನ್ನು ಮಾಡಿದರು. 1876ರಲ್ಲಿ ಜರ್ಮನಿಯಲ್ಲಿ ಆರಂಭವಾದ ಓರೆನ್‌ಸ್ಟೈನ್ ಮತ್ತು ಕೋಪೆಲ್ ಕಂಪನಿ ಈ ವ್ಯಾಪಾರದಲ್ಲಿ ದಕೋವಿಲ್‌ಗೆ ಸರಿಸಮಾನ ಎದುರಾಳಿಯಾಯಿತು. ಆದರೆ ಹಳಿ, ತಿರುವು, ಗಾಡಿ, ತೊಟ್ಟಿ ಎಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಒಂದೇ ಅಂಗಡಿಯಲ್ಲಿ ಮಾರುವುದನ್ನು ದಕೋವಿಲ್ ಚೆನ್ನಾಗಿ ಬಲ್ಲವನಾಗಿದ್ದ. ಕೊಂಡ ರೈತ ಮರುದಿನವೇ ಬಳಸಬಹುದಿತ್ತು.

ಬೇಡಿಕೆ ಬೆಳೆಯಿತು. ಜಮೀನಿನ ಕಮ್ಮಾರಸಾಲೆ ಸಾಲದೆ, 1880ರ ದಶಕದ ಆರಂಭದಲ್ಲಿ ಹತ್ತಿರದ ಕೊರ್ಬೇಯ್ ಪಟ್ಟಣದಲ್ಲಿ ನದಿಯ ಪಕ್ಕ ದೊಡ್ಡ ಕಾರ್ಖಾನೆ ಎದ್ದಿತು. ಸಕ್ಕರೆ ತೋಟಗಳು, ಇಟ್ಟಿಗೆ ಗೂಡುಗಳು, ಗಣಿಗಳು, ಕಾಲುವೆ ತೋಡುವವರು, ಎಲ್ಲರೂ ಕೊಂಡರು. ಸೈನ್ಯವೂ ಕೊಂಡಿತು. ಉತ್ತರ ಆಫ್ರಿಕದ ಟ್ಯುನಿಸಿಯವನ್ನು ಫ್ರೆಂಚರು ವಶಪಡಿಸಿಕೊಂಡಾಗ ಸೂಸ್ ಬಂದರಿನಿಂದ ಕೈರವಾನ್ ಪಟ್ಟಣಕ್ಕೆ ದಕೋವಿಲ್ ಹಳಿ ಹಾಸಿ ಕುದುರೆಗಳಿಂದ ಸಾಮಾನು ಎಳೆಸಿದರು. ಪನಾಮದಲ್ಲಿ 1880ರ ದಶಕದಲ್ಲಿ ಫ್ರೆಂಚ್ ಕಂಪನಿ ಕಾಲುವೆ ತೋಡಲು ಹೊರಟಾಗಲೂ ಈ ಪುಟ್ಟ ಗಾಡಿಗಳು ಹೋದವು. ಅಲ್ಲಿ ಜ್ವರದಿಂದ ಸಾವಿರಾರು ಕೂಲಿಗಳು ಸತ್ತರು, ಮಳೆಗೆ ಸುರಿದ ಮಣ್ಣಿನ ದಿಬ್ಬಗಳೇ ಜಾರಿ ಹಳಿಗಳನ್ನು ಕೊಚ್ಚಿದವು, 1889ರಲ್ಲಿ ಕಂಪನಿ ಮುಳುಗಿತು. ಹೊಲಕ್ಕೆ ಹೊಂದುವ ಗಾಡಿ ಬೆಟ್ಟ ಕಡಿಯಲು ಸಾಲದು. ತನ್ನ ಬೆಳೆ ಉಳಿಸಿಕೊಳ್ಳಲು ರೈತನೊಬ್ಬ ಮಾಡಿದ ಸಾಧನ ಪರರ ನೆಲ ಹಿಡಿಯುವವರ ಕೈಗೂ ಹೋಯಿತು ಎಂಬುದು ಈ ಕಥೆಯಲ್ಲಿ ಹಿತವಾದ ಭಾಗವಲ್ಲ. ಆದರೂ ಬಿಟ್ಟು ಹೇಳುವಂತಿಲ್ಲ.

1889ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಐಫೆಲ್ ಗೋಪುರ ಕಟ್ಟಿದ್ದು ಆ ಪ್ರದರ್ಶನಕ್ಕೇ. ಅದರ ಆವರಣದಲ್ಲಿ ದಕೋವಿಲ್ 60 ಸೆಂಟಿಮೀಟರಿನ ಹಳಿಯ ಮೇಲೆ ಸುಮಾರು 3 ಕಿಲೋಮೀಟರು ಉದ್ದದ ಉಗಿರೈಲು ಓಡಿಸಿದ. ಬೀಟ್ ಗೆಡ್ಡೆ ಹೊತ್ತ ಹಳಿಯ ತಮ್ಮ ಈಗ ಟೋಪಿ ಹಾಕಿದ ದೊರೆಸಾನಿಗಳನ್ನು ಹೊತ್ತ. ಆರು ತಿಂಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಕೂತು ಓಡಾಡಿದರು. ಗಾಡಿ ಮರಗಳ ಪಕ್ಕದಲ್ಲಿಯೇ ಹಾಯುತ್ತಿದ್ದುದರಿಂದ ತಲೆ, ಕಾಲು ಹೊರಗೆ ಹಾಕಬೇಡಿರೆಂದು ಹಲವಾರು ಭಾಷೆಗಳಲ್ಲಿ ಬರೆದು ಅಂಟಿಸಿದ್ದರಂತೆ.

ದಕೋವಿಲ್‌ಗೆ ಇದು ಏರುಗಾಲ. ಊರಿನ ಮೇಯರ್ ಆಗಿದ್ದ ಆತ 1890ರಲ್ಲಿ ದೇಶದ ಮೇಲ್ಮನೆಯ ಸದಸ್ಯನೂ ಆದ. ಆದರೆ ಪ್ರದರ್ಶನದ ಗೆಲುವು ಆತನನ್ನು ಬೇರೆ ದಾರಿಗೆ ಎಳೆಯಿತು. ಹೊಲ, ಗಣಿಗಳಿಗೆ ಹಳಿ ಮಾರುವುದನ್ನು ಬಿಟ್ಟು ಊರೂರ ನಡುವೆ ಸಾರ್ವಜನಿಕ ರೈಲು ಕಟ್ಟುವ ವಹಿವಾಟಿಗೆ ಕೈಹಾಕಿದ. ಮಾರಿದ ಹಳಿಗೆ ಹಣ ಕೂಡಲೇ ಬರುತ್ತದೆ. ಕಟ್ಟಿದ ರೈಲುದಾರಿಗೆ ಹಾಕಿದ ಹಣ ಟಿಕೀಟಿನಲ್ಲಿ ಕಾಸುಕಾಸಾಗಿ ಹಿಂದಿರುಗಬೇಕು. ಕಂಪನಿ ಹಣದ ಮುಗ್ಗಟ್ಟಿಗೆ ಸಿಕ್ಕಿತು. 1890ರ ದಶಕದ ನಡುವಿನಲ್ಲಿ, ತಾನೇ ಹುಟ್ಟಿಸಿದ ಕಾರ್ಖಾನೆಯ ಆಡಳಿತ ಪಾಲ್ ದಕೋವಿಲ್‌ನ ಕೈಬಿಟ್ಟುಹೋಯಿತು. ಆಗ ಆತನಿಗೆ ಐವತ್ತರ ಆಸುಪಾಸು. ಕೆಸರಿನಿಂದ ಗಾಡಿ ಎತ್ತಿದವನು ಸಾಲದಿಂದ ಕಾರ್ಖಾನೆಯನ್ನು ಎತ್ತಲಾರದೆ ಹೋದ.

ಹೆಸರು ಮಾತ್ರ ಕಾರ್ಖಾನೆಯಲ್ಲಿಯೇ ಉಳಿಯಿತು. 1898ರಿಂದ ಅದೇ ಹೆಸರಿನಲ್ಲಿ ಮೋಟಾರು ಕಾರುಗಳು ಹೊರಬಂದವು. ಇಂಗ್ಲೆಂಡಿನ ಹೆನ್ರಿ ರಾಯ್ಸ್ ಎಂಬಾತ 1903ರಲ್ಲಿ ಯಾರೋ ಬಳಸಿ ಮಾರಿದ ಒಂದು ದಕೋವಿಲ್ ಕಾರನ್ನು ಕೊಂಡು, ಬಿಚ್ಚಿ ನೋಡಿ, ಇದಕ್ಕಿಂತ ಚೆನ್ನಾಗಿ ಮಾಡಬಹುದೆಂದು 1904ರಲ್ಲಿ ತನ್ನದೇ ಕಾರು ಮಾಡಿದ. ರೋಲ್ಸ್ ರಾಯ್ಸ್ ಕಾರಿನಲ್ಲಿ ಬರುವ ರಾಯ್ಸ್ ಆತನೇ.

ಸೈನ್ಯದಲ್ಲಿ ಪೆಶೋ ಎಂಬ ಅಧಿಕಾರಿ 60 ಸೆಂಟಿಮೀಟರಿನ ಹಳಿಯನ್ನು ತೋಪು ಸಾಗಿಸಲು ಹೊಂದಿಸಿದ್ದ; 1888ರಲ್ಲಿ ಫ್ರೆಂಚ್ ಸೈನ್ಯ ಅದನ್ನು ಒಪ್ಪಿಕೊಂಡಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿದಾಗ ಎರಡೂ ಪಕ್ಷದವರು ಕಂದಕಗಳ ಹಿಂದೆ ಈ ಅಳತೆಯ ಹಳಿಗಳನ್ನು ಸಾವಿರಾರು ಕಿಲೋಮೀಟರು ಹಾಸಿದರು. ಗುಂಡು ಬಿದ್ದು ಒಂದು ತುಂಡು ಚೂರಾದರೆ, ಅದನ್ನು ಎತ್ತಿ ಎಸೆದು ಇನ್ನೊಂದು ತುಂಡು ಇಟ್ಟರೆ ಹಾದಿ ಸರಿ. ಕೆಸರಿನಲ್ಲಿ ಓಡುವ ಸಾಧನಕ್ಕೆ ಆ ಯುದ್ಧಭೂಮಿಗಿಂತ ದೊಡ್ಡ ಕೆಸರು ಸಿಕ್ಕಿರಲಾರದು. ಅದನ್ನೂ ಕಂಡು, ದಕೋವಿಲ್ 1922ರಲ್ಲಿ ತೀರಿಕೊಂಡ.

ಟ್ರಾಕ್ಟರು, ಲಾರಿ, ರಬ್ಬರ್ ಟಯರು ಬಂದ ಮೇಲೆ ಹೊಲದ ಹಳಿಗಳು ಒಂದೊಂದಾಗಿ ಗುಜರಿ ಸೇರಿದವು. ಎಲ್ಲ ಕಡೆಯೂ ಅಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಎರಡಡಿ ಅಗಲದ ಹಳಿಯ ಮೇಲೆ ಕಬ್ಬು ಇಂದಿಗೂ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿನ ಹಳಿಗಳ ಒಟ್ಟು ಉದ್ದ ಸುಮಾರು 4000 ಕಿಲೋಮೀಟರು. ಇಟಲಿ ಮೊದಲಾದ ದೇಶಗಳಲ್ಲಿ ಯಾವ ಕಂಪನಿಯ ಪುಟ್ಟ ಹಳಿಯಾದರೂ ಸರಿ, ಅದಕ್ಕೆ ದಕೋವಿಲ್ ಎಂದೇ ಕರೆಯುವ ರೂಢಿ ಬಂತು. ನಮ್ಮಲ್ಲಿ ವನಸ್ಪತಿ ತುಪ್ಪಕ್ಕೆಲ್ಲ ಡಾಲ್ಡಾ ಎನ್ನುವುದಿಲ್ಲವೆ, ಹಾಗೆ.

ದಕೋವಿಲ್‌ನ ಕಂಪನಿ ಕಟ್ಟಿದ ಸಾರ್ವಜನಿಕ ರೈಲುಗಳ ಪೈಕಿ ಒಂದರ ಮಾತು ಹೇಳುವುದು ಉಳಿದಿದೆ. ಪ್ಯಾರಿಸ್ಸಿನ ದಕ್ಷಿಣಕ್ಕೆ ಪಿತಿವಿಯೇ ಪಟ್ಟಣದಿಂದ ತೂರಿ ಎಂಬ ಊರಿಗೆ 32 ಕಿಲೋಮೀಟರು ಉದ್ದದ, 60 ಸೆಂಟಿಮೀಟರು ಅಗಲದ ದಾರಿ. 1892ರಲ್ಲಿ ತೆರೆಯಿತು. ಜನ ಬಸ್ಸು ಹತ್ತಿದ ಮೇಲೂ ಅದು ನಿಲ್ಲಲಿಲ್ಲ. ಸುತ್ತಲ ಹೊಲಗಳ ಬೀಟ್ ಗೆಡ್ಡೆಯನ್ನು ಸಕ್ಕರೆ ಕಾರ್ಖಾನೆಗೆ ಪ್ರತಿ ಸುಗ್ಗಿಯಲ್ಲೂ ಹೊತ್ತು ತರುತ್ತಿತ್ತು. 1964ರ ಕೊನೆಯವರೆಗೂ ಹೀಗೆಯೇ ನಡೆಯಿತು. ಆಮೇಲೆ ದಾರಿ ಮುಚ್ಚಿತು. ಒಂದು ತುದಿಯ ಕೆಲವು ಕಿಲೋಮೀಟರನ್ನು ಹಳೆಯ ರೈಲಿನ ಅಭಿಮಾನಿಗಳು ಉಳಿಸಿಕೊಂಡು, 1966ರಿಂದ ವಸ್ತುಸಂಗ್ರಹಾಲಯವಾಗಿ ನಡೆಸುತ್ತ ಬಂದರು.